ಏಳು ಬನಿಯನ್ನು, ಒಂದು ಹೆಸರು

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಬೆಳಗಿನ ಹೊತ್ತು ನಡೆಯುವ ಮುದುಕರದೊಂದು ಗುಂಪಿದೆ. ನಾವು ನಡೆಯುವುದಕ್ಕಿಂತ ಕಲ್ಲುಬೆಂಚಿನ ಮೇಲೆ ಕೂರುವುದೇ ಹೆಚ್ಚು, ಆದರೂ ಹೆಸರು ಮಾತ್ರ ನಡಿಗೆಯ ಬಳಗ. ಹೋದ ತಿಂಗಳು ಈ ಬಳಗಕ್ಕೆ ಇದ್ದಕ್ಕಿದ್ದಂತೆ ಸಮವಸ್ತ್ರದ ಹುಚ್ಚು ಹಿಡಿಯಿತು. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು, ಎದೆಯ ಮೇಲೆ ಬಳಗದ ಹೆಸರು. ಅಂಗಡಿಯವನು ನೋಡಲೆಂದು ಎರಡು ತುಂಡು ಬಟ್ಟೆ ಕಳಿಸಿದ್ದ. ಒಂದರ ಮೇಲೆ ದಾರದ ಅಕ್ಷರ, ಇನ್ನೊಂದರ ಮೇಲೆ ಅಚ್ಚಿನ ಅಕ್ಷರ. "ನೀವು ಹಿರಿಯರು, ಹೇಳಿ ಸಾರ್, ಕಸೂತಿಯೋ ಸ್ಕ್ರೀನ್ ಪ್ರಿಂಟೋ?" ಎಂದು ಎರಡನ್ನೂ ನನ್ನ ಕೈಗಿಟ್ಟರು. ನಾನು ಬೆರಳಿನಿಂದ ಅಕ್ಷರ ಸವರುತ್ತ ಕೂತೆ. ಅವರು ಕಾದರು, ಕೆಮ್ಮಿದರು, ಮತ್ತೆ ಕಾದರು. ಕೊನೆಗೆ ಯಾರೋ "ಸಾರ್‌ಗೆ ನಿದ್ದೆ ಹತ್ತಿತು, ಬಿಡಿ" ಅಂದರಂತೆ.

ನಿದ್ದೆಯಲ್ಲ ಕಣ್ರೀ. ಆ ಹೊತ್ತಿಗೆ ನಾನು ಶಿರಾದಲ್ಲಿದ್ದೆ. ನನಗೆ ಹತ್ತೊಂಬತ್ತು ವರ್ಷ, ಕೈಯಲ್ಲಿ ಏಳು ಬಿಳಿ ಬನಿಯನ್ನು, ಮುಂದೆ ಇದೇ ಪ್ರಶ್ನೆ.

ಬಟ್ಟೆಯ ಮೇಲೆ ಗುರುತು ಹಾಕಿಸುವುದು ನಮಗೆ ಹೊಸದೇನೂ ಆಗಿರಲಿಲ್ಲ. ನಮ್ಮ ಮನೆಯ ಪ್ರತಿ ಅಂಗಿಯ ಕಾಲರಿನ ಒಳಗೂ ಅಗಸರ ರಂಗಮ್ಮ ಗೇರುಬೀಜದ ಕಪ್ಪಿನಿಂದ ಎರಡು ಚುಕ್ಕೆ, ಒಂದು ಗೀಟು ಎಳೆದಿರುತ್ತಿದ್ದಳು. ಅದು ನಮ್ಮ ಮನೆತನದ ಮುದ್ರೆ. ಪಕ್ಕದ ಮನೆಯವರದು ಮೂರು ಚುಕ್ಕೆ. ನಾನು ಚಿಕ್ಕವನಿದ್ದಾಗ, ಮನುಷ್ಯರ ಕತ್ತಿನ ಹಿಂದೆಯೂ ಹುಟ್ಟಿನಿಂದಲೇ ಹೀಗೆ ಚುಕ್ಕೆ ಗೀಟು ಇರುತ್ತದೆ, ಅದನ್ನು ನೋಡಿಯೇ ದೇವರು ಅವರವರನ್ನು ಅವರವರ ಮನೆಗೆ ತಲುಪಿಸುತ್ತಾನೆ ಎಂದು ನಂಬಿದ್ದೆ. ಮಧ್ಯಾಹ್ನ ಅಮ್ಮ ಮಲಗಿದಾಗ ಅವಳ ಕತ್ತಿನ ಹಿಂದೆ ಹುಡುಕಿ ಒಂದು ಮಚ್ಚೆ ಕಂಡುಹಿಡಿದು ಬಹಳ ನೆಮ್ಮದಿಪಟ್ಟಿದ್ದೆ.

ಆದರೆ ಗುರುತು ಕಾಲರಿನ ಒಳಗಿರುವುದು ಬೇರೆ, ಎದೆಯ ಮೇಲೆ ಎಲ್ಲರಿಗೂ ಕಾಣುವಂತಿರುವುದು ಬೇರೆ. ಅರವತ್ತರ ದಶಕದ ನಡುವಿನ ಆ ಬೇಸಿಗೆಯಲ್ಲಿ ನಮಗೆ ಎದೆಯ ಮೇಲೆ ಹೆಸರು ಬೇಕಾಗಿ ಬಂತು. ಶಿರಾದ ಕೋಟೆಯ ಹಿಂದಿನ ಬಯಲಿನಲ್ಲಿ ನಾವು ಕೆಲವರು ಕಬಡ್ಡಿ ಆಡುತ್ತಿದ್ದೆವು. ಆಡುತ್ತಿದ್ದೆವು ಎಂದರೆ ಅವರು ಆಡುತ್ತಿದ್ದರು, ನಾನು ನೋಡುತ್ತಿದ್ದೆ. ನನ್ನ ಕೈಬರಹ ಚೆನ್ನಾಗಿತ್ತು, ಕಾಲು ಚೆನ್ನಾಗಿರಲಿಲ್ಲ, ಹಾಗಾಗಿ ನನ್ನನ್ನು ಕಾರ್ಯದರ್ಶಿ ಮಾಡಿದ್ದರು. ಸಂಘಕ್ಕೆ 'ಉದಯ ಸಂಘ' ಎಂದು ಹೆಸರಿಟ್ಟವನೂ ನಾನೇ. ಆಟ ನಡೆಯುತ್ತಿದ್ದುದು ಸಂಜೆಗೆ, ಆದರೂ ಉದಯ.

ನಮ್ಮ ನಾಯಕ ಗಫೂರ್. ಅವನು ಕಾಲು ಹಿಡಿದರೆ ಬಿಡಿಸಿಕೊಂಡವರಿಲ್ಲ. ನಮ್ಮ ಜೀವ ಮಾತ್ರ ಜುಂಜಣ್ಣ. ಬುಕ್ಕಾಪಟ್ಟಣದ ಕಡೆಯ ಕುರಿಗಾರರ ಹಟ್ಟಿಯ ಹುಡುಗ. ತೆಳ್ಳಗೆ, ಕಪ್ಪಗೆ, ಮಾತು ಕಡಿಮೆ. ಅವನು ಉಸಿರು ಹಿಡಿದು ಎದುರಾಳಿಗಳ ಅಂಕಣಕ್ಕೆ ನುಗ್ಗಿದರೆ ಸಂಜೆಯ ಧೂಳಿನಲ್ಲಿ ಬಿಳಿ ಚಡ್ಡಿಯೊಂದೇ ಓಡಾಡಿದಂತೆ ಕಾಣುತ್ತಿತ್ತು. ಈಗಲೂ ಕಣ್ಣು ಮುಚ್ಚಿದರೆ ಆ ಧೂಳು ಕಾಣುತ್ತದೆ, ಅದರೊಳಗಿಂದ ಬರುವ ಆ ಒಂದೇ ಉಸಿರಿನ ದನಿ ಕೇಳುತ್ತದೆ. ಆ ಬೇಸಿಗೆ ಕಳೆದರೆ ಅವನು ಅಪ್ಪನ ಜೊತೆ ಕುರಿ ಹೊಡೆದುಕೊಂಡು ಮೇವಿರುವ ಕಡೆ ಹೋಗುವವನಿದ್ದ. ದೊಡ್ಡ ಪಂದ್ಯ ಒಂದಾದರೂ ಆಡಿ ಹೋಗಬೇಕು ಎಂಬುದು ಅವನ ಆಸೆ. ಅವನು ಬಾಯಿಬಿಟ್ಟು ಹೇಳಿದ ಒಂದೇ ಆಸೆ ಅದು.

ಮಧುಗಿರಿಯಿಂದ ಕಾಗದ ಬಂತು. ಬೆಟ್ಟದ ಕೆಳಗಿನ ಮೈದಾನದಲ್ಲಿ ಪಂದ್ಯ, ಪಾವಗಡದವರು, ಕೊರಟಗೆರೆಯವರು ಎಲ್ಲ ಬರುತ್ತಾರೆ. ಇನ್ನು ಹದಿನಾರು ದಿನ. ಕೊನೆಯಲ್ಲೊಂದು ಸಾಲು: ಏಳೂ ಆಟಗಾರರು ತಂಡದ ಹೆಸರಿರುವ ಒಂದೇ ಬಗೆಯ ಬನಿಯನ್ನು ತೊಟ್ಟಿರಬೇಕು. ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ. ಕಾರ್ಯದರ್ಶಿಯಾದ ಮೇಲೆ ಮೊದಲ ಬಾರಿಗೆ ನನಗೊಂದು ಕೆಲಸ ಸಿಕ್ಕಿತ್ತು.

"ಅಮ್ಮೀ ಹಾಕ್ಕೊಡ್ತಾರೆ ಕಣೋ," ಅಂದ ಗಫೂರ್. ಅವನ ಅಮ್ಮನನ್ನು ನಾವೆಲ್ಲ ಖಾಲಾ ಎನ್ನುತ್ತಿದ್ದೆವು. ಟೋಪಿಯ ಸುತ್ತ ಬಳ್ಳಿ, ದಿಂಬಿನ ಚೀಲದ ಮೇಲೆ ಜೋಡಿ ಗಿಳಿ ಹೆಣೆಯುವುದರಲ್ಲಿ ಶಿರಾದಲ್ಲೇ ಅವರದು ಎತ್ತಿದ ಕೈ. ಅವರ ಮನೆಯ ನಡುಮನೆಯಲ್ಲಿ ಹಂಚಿನ ಸಂದಿನಿಂದ ಬಿಸಿಲಿನ ಒಂದು ಕೋಲು ಇಳಿಯುತ್ತಿತ್ತು. ಖಾಲಾ ಆ ಬಿಸಿಲು ಸರಿದಂತೆಲ್ಲ ತಾವೂ ಚಾಪೆ ಸರಿಸಿಕೊಳ್ಳುತ್ತ, ಮರದ ಬಳೆಯಲ್ಲಿ ಬಟ್ಟೆ ಬಿಗಿದುಕೊಂಡು ಹೊಲಿಯುತ್ತಿದ್ದರು. ಬೆಳಿಗ್ಗೆ ಗೋಡೆಯ ಪಕ್ಕ ಇದ್ದವರು ಸಂಜೆಗೆ ಬಾಗಿಲ ಹತ್ತಿರ ಬಂದಿರುತ್ತಿದ್ದರು. ನಾನು ಹೋದಾಗ ಅವರು ಎಲ್ಲಿ ಕೂತಿದ್ದಾರೆ ಎಂಬುದನ್ನು ನೋಡಿಯೇ ಗಂಟೆ ಹೇಳಬಹುದಿತ್ತು.

"ಒಂದಕ್ಕೆ ಎರಡು ದಿವಸ ಬೇಕು ಬೇಟಾ," ಎಂದರು ಖಾಲಾ. "ಜಲ್ದಿ ಜಲ್ದಿ ಅಂದ್ರೆ ಆಗಲ್ಲ. ದಾರಕ್ಕೆ ಸಿಟ್ಟು ಬರುತ್ತೆ."

ಏಳು ಬನಿಯನ್ನಿಗೆ ಹದಿನಾಲ್ಕು ದಿನ. ಅವತ್ತೇ ಹೂಂ ಅಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅದೇ ಸಂಜೆ ನಾನು ಪೇಂಟರ್ ಗೋವಿಂದಣ್ಣನ ಅಂಗಡಿಯ ಮುಂದೆ ಹಾದುಹೋದೆ.

ಗೋವಿಂದಣ್ಣ ಅಂಗಡಿಗಳಿಗೆ ಬೋರ್ಡು ಬರೆಯುವವನು. ಎರಡು ವರ್ಷ ಬೆಂಗಳೂರಿನಲ್ಲಿದ್ದು ಹೊಸ ವಿದ್ಯೆಯೊಂದನ್ನು ಕಲಿತು ಬಂದಿದ್ದ. ಮರದ ಚೌಕಟ್ಟಿಗೆ ತೆಳು ರೇಷ್ಮೆ ಬಿಗಿದಿತ್ತು. ಕೆಳಗೆ ಅಕ್ಷರ ಕತ್ತರಿಸಿದ ಕಾಗದ. ಬಟ್ಟೆಯ ಮೇಲೆ ಚೌಕಟ್ಟು ಇಟ್ಟು, ಬಣ್ಣ ಸುರಿದು, ರಬ್ಬರಿನ ಪಟ್ಟಿಯಿಂದ ಒಂದೇ ಸಲ ಬರ್ ಅಂತ ಎಳೆದ. ಚೌಕಟ್ಟು ಎತ್ತಿದರೆ ಕೆಳಗೆ ಕೆಂಪಾದ ಅಕ್ಷರ, ಒಂದೂ ಸೊಟ್ಟಗಿಲ್ಲ. ನನಗೆ ಮೈ ಜುಂ ಅಂದಿತು. ಮತ್ತೊಮ್ಮೆ ಎಳೆಯಲು ಹೇಳಿದೆ. ಅವನು ಎಳೆದ. ಇನ್ನೊಮ್ಮೆ ಅಂದೆ. ಹಳೆ ಗೋಣಿಚೀಲ, ಅಂಗಡಿಯ ಪರದೆ, ಅವನ ಹೆಗಲ ಮೇಲಿನ ಟವೆಲು ಎಲ್ಲದರ ಮೇಲೂ ಅವತ್ತು ಯಾವುದೋ ಬೀಡಿಯ ಹೆಸರು ಬಿತ್ತು. ಹದಿಹರೆಯದಲ್ಲಿ ಉಳಿದವರು ಹುಡುಗಿಯರನ್ನು ಕಂಡು ಮರುಳಾಗುತ್ತಾರೆ, ನಾನು ಚೌಕಟ್ಟನ್ನು ಕಂಡು ಮರುಳಾದೆ.

ಮರುದಿನ ಬಯಲಿನಲ್ಲಿ ಈ ವಿಷಯ ತೆಗೆದೆ. ಎಲ್ಲರಿಗೂ ಖುಷಿ. ಜುಂಜ ಮಾತ್ರ ನೆಲ ನೋಡುತ್ತ, "ನಮ್ಮಪ್ಪ ಒಪ್ಪಾಕಿಲ್ಲ ಮೂರ್ತಣ್ಣ," ಅಂದ. ಯಾಕೆ ಎಂದರೆ, "ನೀನೇ ಬಂದು ಕೇಳು," ಅಂದ.

ಹೋದೆ. ಹಟ್ಟಿಯೊಳಗೆ ಚಪ್ಪಲಿ ಮೆಟ್ಟಿ ಹೋಗುವಂತಿಲ್ಲ, ಹೊರಗೇ ಬಿಟ್ಟು ಕಾದ ಮಣ್ಣಿನ ಮೇಲೆ ಕುಣಿಯುತ್ತ ನಡೆದೆ. ಸುತ್ತ ಕುರುಚಲು, ಬಿಸಿಲಿಗೆ ಅಲುಗಾಡುವ ಗಾಳಿ, ಎಲ್ಲೋ ಒಂದು ಗಂಟೆಯ ಸದ್ದು. ಜುಂಜನ ಅಪ್ಪ ಕ್ಯಾತಣ್ಣ ಮುಳ್ಳುಬೇಲಿಯ ರೊಪ್ಪದಲ್ಲಿ ಕುರಿಗಳ ನಡುವೆ ನಿಂತಿದ್ದ. ಕೈಯಲ್ಲಿ ಕೆಂಪು ಬಣ್ಣ ಕಲಸಿದ ಮಡಕೆ. ಒಂದೊಂದೇ ಕುರಿಯ ಬೆನ್ನು ತಡವಿ, ತೂಕ ನೋಡಿ, ಕೆಲವಕ್ಕೆ ಮಾತ್ರ ಬಣ್ಣದಲ್ಲಿ ಅಂಗೈ ಅದ್ದಿ ಬೆನ್ನ ಮೇಲೆ ಒತ್ತುತ್ತಿದ್ದ. ನಾನು ಬಂದ ವಿಷಯ ಹೇಳಿದೆ. ಸ್ಕ್ರೀನ್ ಪ್ರಿಂಟಿಂಗಿನ ಮಹಿಮೆಯನ್ನು ಕೈಸನ್ನೆ ಮಾಡಿ ವಿವರಿಸಿದೆ. ಅವನು ತಾಳ್ಮೆಯಿಂದ ಕೇಳಿದ.

"ಈಗ ನಾನು ಮಾಡ್ತಿರಾದೂ ಅದೇ ಅಲ್ವಾ ಮರಿ?" ಎಂದ.

"ಇದು ಯಾಕೆ ಯಜಮಾನ್ರೇ?"

"ನಾಳೀಕೆ ಸಂತೆ. ಮಾರಾ ಕುರಿಗೆ ಬಣ್ಣ ಒತ್ತೀವಿ. ಬಣ್ಣ ಬಿದ್ದ ಕುರಿ ತಿರ್ಗ ರೊಪ್ಪಕ್ಕೆ ಬರಾಕಿಲ್ಲ." ಅವನು ಅಂಗೈಯನ್ನು ಕಂಬಳಿಗೆ ಒರೆಸಿಕೊಂಡ. "ಇರಾನೊಬ್ಬ ಮಗ. ಅವನ ಎದೆ ಮ್ಯಾಲೆ ಬಣ್ಣ ಒತ್ತಿ ಕಳ್ಸು ಅಂತೀಯಲ್ಲ, ಹೆಂಗಪ್ಪಾ ಕಳಿಸ್ಲಿ?"

ನನಗೆ ನಗು ಬಂತು. ಅವನ ಮುಖ ನೋಡಿ ನಗಲು ಆಗಲಿಲ್ಲ. "ದಾರದಲ್ಲಿ ಹೊಲಿದ್ರೆ?" ಎಂದೆ.

"ಹೊಲಿಗೆ ಆದ್ರೆ ಆಗ್ಲಿ ಬುಡು. ನಮ್ಮ ಕಂಬ್ಳಿ ಅಂಚೂ ಹೊಲಿದಿರಾದೇಯ. ಹೊಲಿಸ್ತೀಯಾ?"

"ಹೊಲಿಸ್ತೀನಿ."

"ಮಾತಾ?"

"ಮಾತು," ಎಂದೆ. ಅವನು ಒಳಗಿಂದ ಒಂದು ಲೋಟ ಮಜ್ಜಿಗೆ ತರಿಸಿಕೊಟ್ಟ. ಬಿಸಿಲಿನಲ್ಲಿ ಬಂದವನಿಗೆ ಅದು ಅಮೃತವಾಗಿತ್ತು. ಮಾತು ಕೊಡುವುದು ಎಷ್ಟು ಸುಲಭ ಎಂದುಕೊಳ್ಳುತ್ತ ಚಪ್ಪಲಿ ಮೆಟ್ಟಿ ಊರಿಗೆ ಬಂದೆ.

ಮೊದಲ ಬನಿಯನ್ನು ಖಾಲಾಗೆ ಕೊಟ್ಟೆ. ಅವರಿಗೆ ಕನ್ನಡ ಓದಲು ಬಾರದು, ಉರ್ದು ಚೆನ್ನಾಗಿ ಓದುತ್ತಿದ್ದರು. ನನ್ನ ಪ್ರಸಿದ್ಧ ಕೈಬರಹದಲ್ಲಿ ಕಾಗದದ ಮೇಲೆ 'ಉದಯ ಸಂಘ' ಎಂದು ದೊಡ್ಡದಾಗಿ ಬರೆದುಕೊಟ್ಟೆ. ಅಕ್ಷರವನ್ನು ಅವರು ಹೂವು ಬಳ್ಳಿಯನ್ನು ನೋಡಿ ಹೆಣೆದಂತೆಯೇ ಹೆಣೆಯುವವರು. ಎರಡು ದಿನ ಬಿಟ್ಟು ಹೋಗಿ ನೋಡಿದೆ. ಹೊಲಿಗೆ ಎಷ್ಟು ಚೆಂದ ಎಂದರೆ ಒಂದು ಗಂಟೂ ಕಾಣದು. ಆದರೆ ಖಾಲಾ ತಮ್ಮ ಓದಿನ ರೂಢಿಯಂತೆ ಬಲಗಡೆಯಿಂದ ಶುರುಮಾಡಿದ್ದರು. ಅಂದರೆ ಮೊದಲು ಹೆಣೆದದ್ದು ಕೊನೆಯ 'ಘ'. ಅದು ಧಾರಾಳವಾಗಿ, ಅರಳಿದ ಕಮಲದ ಹಾಗೆ ಕೂತಿತ್ತು. ಎಡಕ್ಕೆ ಬರುಬರುತ್ತ ಜಾಗ ಸಾಲದೆ ಅಕ್ಷರಗಳು ಸಣ್ಣಗಾಗುತ್ತ ಹೋಗಿ, ಮೊದಲಿನ 'ಉ' ಕಂಕುಳಿನ ಕೆಳಗೆ ಕಡಲೆಕಾಳಿನಷ್ಟಾಗಿ ಮುದುರಿಕೊಂಡಿತ್ತು. ಎಡದಿಂದ ಓದಿದರೆ ಹೆಸರು ದೂರದಿಂದ ನಮ್ಮ ಕಡೆ ನಡೆದು ಬಂದಂತಿತ್ತು.

"ಖಾಲಾ, ಈ ಕಡೆಯಿಂದ ಶುರು ಮಾಡ್ಬೇಕಿತ್ತು," ಎಂದೆ.

"ಅರೆ, ಕಾಯ್ಕು ಬೇಟಾ, ಯಾಕೆ?" ಎಂದರು ಅವರು, ನಿಜವಾಗಿಯೂ ಅರ್ಥವಾಗದೆ. "ಯಾವ ಕಡೆಯಿಂದ ಶುರು ಮಾಡಿದ್ರೇನು, ಬಟ್ಟೆ ಒಂದೇ ತಾನೆ?"

ಇಂದು ನನ್ನನ್ನು ಕೇಳಿದರೆ ಆ ಬನಿಯನ್ನಿನಷ್ಟು ಸುಂದರವಾದದ್ದನ್ನು ನಾನು ಮತ್ತೆ ನೋಡಿಲ್ಲ. ಅಂದು ನನಗೆ ಕಂಡಿದ್ದು ಸೊಟ್ಟ ಮಾತ್ರ. ನನ್ನ ಕೈಬರಹದ ಗರ್ವಕ್ಕೆ ಪೆಟ್ಟು ಬಿದ್ದಿತ್ತು. ಮುಂದಿನದನ್ನು ಕೊಡಲೋ ಬೇಡವೋ ಎಂದು ಯೋಚಿಸುತ್ತ ದಿನ ಕಳೆದೆ. ಗೋವಿಂದಣ್ಣನ ಅಂಗಡಿಯ ಮುಂದೆ ಸುಮ್ಮನೆ ನಿಲ್ಲುತ್ತಿದ್ದೆ, ಖಾಲಾ ಮನೆಗೆ ಹೋಗಿ ಸುಮ್ಮನೆ ಚಹಾ ಕುಡಿಯುತ್ತಿದ್ದೆ. ಬಿಸಿಲಿನ ಕೋಲು ಗೋಡೆಯಿಂದ ಬಾಗಿಲಿಗೆ ಎಷ್ಟೋ ಸಲ ಬಂದುಹೋಯಿತು. ಕೊನೆಗೆ ಉಳಿದದ್ದು ಎರಡೇ ದಿನ.

ಹೊಸದೊಂದು ಬನಿಯನ್ನು ತಂದು, ಉಳಿದ ಆರಕ್ಕೆ ಸೇರಿಸಿ ಏಳನ್ನೂ ಗೋವಿಂದಣ್ಣನ ಮುಂದೆ ಹಾಕಿದೆ. ಬಟ್ಟೆಯ ಬಣ್ಣ ಮುಗಿದಿದೆ, ಬೋರ್ಡಿನ ಎಣ್ಣೆಬಣ್ಣವಿದೆ, ಆದರೆ ಮೂರು ದಿನವಾದರೂ ಒಣಗಬೇಕು ಎಂದ ಅವನು. ಒಣಗುತ್ತೆ ಬಿಡಣ್ಣ, ಎಂಥ ಬಿಸಿಲು ಎಂದೆ ನಾನು. ಜುಂಜನಿಗೆ ಮಾತ್ರ ಖಾಲಾ ಹೊಲಿದದ್ದನ್ನು ಕೊಡಬಹುದಿತ್ತು. ಆ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. 'ಒಂದೇ ಬಗೆಯ' ಎಂಬ ಸಾಲು ನೆನಪಿಸಿಕೊಂಡು ಅದನ್ನು ತಳ್ಳಿಹಾಕಿದೆ. ಅವನಪ್ಪ ಮಧುಗಿರಿಗೆ ಬರುತ್ತಾನೆಯೇ, ನೋಡುತ್ತಾನೆಯೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಖಾಲಾಗೆ ವಿಷಯ ತಿಳಿದಾಗ ಅವರು ತಾವು ಹೊಲಿದದ್ದನ್ನು ಮಡಿಸಿ ಗೂಡಿನಲ್ಲಿಟ್ಟರು.

ಬೆಳಗಿನ ಮೊದಲ ಬಸ್ಸಿಗೆ ಹೊರಟೆವು. ಹುಣಸೆ ಮರಗಳ ನಡುವಿನ ದಾರಿ, ಎಳೆಬಿಸಿಲು, ಬಸ್ಸಿನ ಕುಲುಕಾಟಕ್ಕೆ ಎಲ್ಲರ ತಲೆಯೂ ಒಂದೇ ಸಮ ತೂಗುತ್ತಿತ್ತು. ದೂರದಲ್ಲಿ ಮಧುಗಿರಿಯ ಬೆಟ್ಟ ಕಂಡಿತು. ಬಸ್ಸು ತಿರುಗಿದಂತೆಲ್ಲ ಅದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬಂದು ನಮ್ಮನ್ನು ಇಣುಕಿ ನೋಡುತ್ತಿತ್ತು. ಜುಂಜ ಕಿಟಕಿಗೆ ಹಣೆಯಾನಿಸಿ ಅದನ್ನೇ ನೋಡುತ್ತಿದ್ದ. ನಾನು ತೊಡೆಯ ಮೇಲಿನ ಚೀಲವನ್ನು ತಬ್ಬಿಕೊಂಡಿದ್ದೆ. ಎಣ್ಣೆಬಣ್ಣದ ವಾಸನೆ ಬರುತ್ತಿತ್ತು.

ಇಳಿಹೊತ್ತಿಗೆ ನಮ್ಮ ಸರದಿ ಬಂದಾಗ ಮೈದಾನದ ಅಂಚಿನಲ್ಲಿ ಬನಿಯನ್ನು ಹಂಚಿದೆ. ಎಲ್ಲರೂ ತೊಟ್ಟುಕೊಂಡರು. ಜುಂಜ ತನ್ನದನ್ನು ಬಿಚ್ಚಿ ನೋಡಿದ, ಬೆರಳಿನಿಂದ ಅಕ್ಷರ ಮುಟ್ಟಿದ, ಮಡಿಸಿ ನನ್ನ ಕೈಗೆ ವಾಪಸು ಕೊಟ್ಟ.

"ಹಾಕ್ಕಳೋ ಮಾರಾಯ. ನಿಮ್ಮಪ್ಪ ಇಲ್ಲಿ ನೋಡ್ತಾನಾ?" ಎಂದೆ.

"ಅಪ್ಪ ನೋಡಾಕಿಲ್ಲ," ಅಂದ ಜುಂಜ. "ನಾನು ನೋಡ್ತಾ ಇವ್ನಲ್ಲ."

ಅಷ್ಟೇ ಹೇಳಿ ಬೇವಿನ ಮರದ ಕೆಳಗೆ ಹೋಗಿ ಕುಕ್ಕರುಗಾಲಲ್ಲಿ ಕೂತ. ಸಿಟ್ಟಿರಲಿಲ್ಲ. ಅವನ ಕಣ್ಣು ಅಂಕಣದ ಗೆರೆಯ ಮೇಲಿತ್ತು. ಅವನು ಕಾದಿದ್ದ ಆ ಒಂದು ಪಂದ್ಯ ಅವನನ್ನು ಬಿಟ್ಟು ಶುರುವಾಗುತ್ತಿತ್ತು, ಮತ್ತು ಅದಕ್ಕೆ ಕಾರಣ ನಾನು.

ಏಳನೆಯವನು ಬೇಕಲ್ಲ, ಆ ಬನಿಯನ್ನು ನಾನೇ ತೊಟ್ಟೆ. ಎದುರಿಗೆ ಪಾವಗಡದವರು. ನನ್ನ ಕಬಡ್ಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲ ಸಲ ನುಗ್ಗಿದಾಗಲೇ ನಾಲ್ಕು ಜನ ಸೇರಿ ನನ್ನನ್ನು ನೆಲಕ್ಕೆ ಅಂಟಿಸಿದರು. ಎದ್ದು ನೋಡಿದರೆ ಅವರ ಪೈಕಿ ಒಬ್ಬ ತನ್ನ ಅಂಗೈ ನೋಡಿಕೊಂಡು ಗಾಬರಿಯಾಗಿದ್ದ. "ಏಮಿರಾ ಇದಿ, ರಕ್ತಮಾ?" ಎಂದು ತೆಲುಗಿನಲ್ಲಿ ಕೂಗಿದ. ರಕ್ತವಲ್ಲ, ನಮ್ಮ ಬಣ್ಣ. ಇನ್ನೊಬ್ಬನ ಬಿಳಿ ಬನಿಯನ್ನಿನ ಮೇಲೆ ನಮ್ಮ ಸಂಘದ ಹೆಸರು ಉಲ್ಟಾ ಅಚ್ಚಾಗಿತ್ತು. ಅಪ್ಪಿದವರೆಲ್ಲ ಉದಯ ಸಂಘದವರಾಗುತ್ತ ಹೋದರು. ಮಧುಗಿರಿಯ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅರ್ಧ ಆಟ ಮುಗಿಯುವ ಹೊತ್ತಿಗೆ ನಾವು ಹೀನಾಯವಾಗಿ ಹಿಂದಿದ್ದೆವು.

ವಿರಾಮದಲ್ಲಿ ಗಫೂರ್ ನನ್ನ ಕಡೆ ನೋಡಲಿಲ್ಲ. ಬೇವಿನ ಮರದ ಕಡೆ ನೋಡಿದ. ಆಮೇಲೆ ತನ್ನ ಬನಿಯನ್ನು ತಲೆಯ ಮೇಲಿಂದ ಕಿತ್ತು ನೆಲಕ್ಕೆಸೆದ. "ಎಲ್ರೂ ಬಿಚ್ರೋ," ಅಂದ. ನನ್ನೊಬ್ಬನನ್ನು ಬಿಟ್ಟು ಎಲ್ಲರೂ ಬಿಚ್ಚಿದರು. ರೆಫರಿಯಾಗಿದ್ದ ಕೊರಟಗೆರೆಯ ಡ್ರಿಲ್ ಮೇಷ್ಟ್ರು ಸೀಟಿ ಊದುತ್ತ ಓಡಿಬಂದರು.

"ಒಂದೇ ಬಗೆ ಇರ್ಬೇಕು ಅಂತ ಅಲ್ವಾ ಸಾರ್ ಕಾಗದದಲ್ಲಿ ಬರ್ದಿದ್ದು?" ಎಂದ ಗಫೂರ್. "ಈಗ ನೋಡಿ, ಎಲ್ರೂ ಒಂದೇ ಬಗೆ."

"ಹೆಸರು ಎಲ್ಲಯ್ಯಾ?"

ಗಫೂರ್ ತನ್ನ ಎದೆ ತೋರಿಸಿದ. ಎಣ್ಣೆಬಣ್ಣ ಬನಿಯನ್ನಿನಿಂದ ಇಳಿದು ಅವರೆಲ್ಲರ ಎದೆಯ ಮೇಲೂ ಕೆಂಪಗೆ ಕೂತಿತ್ತು. ಮೇಷ್ಟ್ರು ನಗು ತಡೆಯಲು ಸೀಟಿ ಕಚ್ಚಿಕೊಂಡರು, ತಡೆಯಲಾಗದೆ ಕೈಬೀಸಿ ಹೋಗಿ ಆಡಿ ಅಂದರು. ಗಫೂರ್ ಮರದ ಕೆಳಗಿನವನನ್ನು ಕೂಗಿದ. "ಬಾರ್ಲಾ ಜುಂಜ!"

ನಾನು ಹೊರಗೆ ಬಂದೆ, ಅವನು ಒಳಗೆ ಹೋದ. ಆರು ಕೆಂಪು ಎದೆಗಳ ನಡುವೆ ಅವನೊಬ್ಬನದೇ ಬರಿಯ, ಸ್ವಚ್ಛವಾದ ಮೈ. ಆಮೇಲೆ ನಡೆದದ್ದು ನನಗೆ ಕನಸಿನ ಹಾಗೆ ನೆನಪಿದೆ. ಬೆಟ್ಟದ ನೆರಳು ನಿಧಾನವಾಗಿ ಮೈದಾನದ ಮೇಲೆ ಹರಡುತ್ತಿತ್ತು. ಜುಂಜ ಬಿಸಿಲಿನಿಂದ ನೆರಳಿಗೆ, ನೆರಳಿನಿಂದ ಬಿಸಿಲಿಗೆ ಜಾರುತ್ತಿದ್ದ. ಹಿಡಿಯಲು ಚಾಚಿದ ಕೈಗಳು ಅವನು ಆಗಲೇ ಬಿಟ್ಟುಹೋದ ಜಾಗವನ್ನು ಹಿಡಿಯುತ್ತಿದ್ದವು. ನಕ್ಕಿದ್ದ ಜನ ಗೆರೆಯತ್ತ ಬಾಗಿ ಅವನ ಉಸಿರಿನ ದನಿಗೇ ಕಿವಿಗೊಟ್ಟಿದ್ದರು. ಎರಡು ಪಾಯಿಂಟಿನಿಂದ ಸೋತೆವು. ಪಾವಗಡದವರೇ ಬಂದು ಅವನನ್ನು ಎತ್ತಿಕೊಂಡರು. ನಮ್ಮ ಪೈಕಿ ಪೂರ್ತಿ ಸಮವಸ್ತ್ರದಲ್ಲಿದ್ದವನು ನಾನೊಬ್ಬನೇ, ಗೆರೆಯ ಹೊರಗೆ.

ಮರಳುವ ಬಸ್ಸಿನಲ್ಲಿ ಜುಂಜ ನನ್ನ ಪಕ್ಕ ಬಂದು ಕೂತ. "ಅಪ್ಪ ಕೇಳ್ತಾನೆ. ನಾನೇನೂ ಹೇಳಾಕಿಲ್ಲ. ನೀನೇ ಬಂದು ಹೇಳು," ಅಂದ.

ಮರುದಿನವೇ ಹೋದೆ. ಈ ಸಲ ಕಾಲು ಸುಟ್ಟದ್ದು ತಿಳಿಯಲಿಲ್ಲ. ಎಲ್ಲವನ್ನೂ ಒಂದೂ ಬಿಡದೆ ಹೇಳಿದೆ, ಖಾಲಾ ಹೊಲಿದ ಬನಿಯನ್ನು ಗೂಡಿನಲ್ಲಿ ಉಳಿದದ್ದನ್ನೂ ಹೇಳಿದೆ. ಕ್ಯಾತಣ್ಣ ಕೇಳುತ್ತ ಒಂದು ಮರಿಯ ಕಾಲಿನ ಮುಳ್ಳು ಕೀಳುತ್ತಿದ್ದ. ಬೈದಿದ್ದರೆ ಚೆನ್ನಾಗಿತ್ತು. ಮುಳ್ಳು ಕಿತ್ತು, ಮರಿಯನ್ನು ಬಿಟ್ಟು, "ಆಟ ಚೆಂದಾಗಿ ಆಡಿದ್ನಾ?" ಎಂದ.

"ಅಂಥ ಆಟ ನಾನು ನೋಡೇ ಇಲ್ಲ ಯಜಮಾನ್ರೇ."

ಅವನು ತಲೆಯಾಡಿಸಿದ. "ಇನ್ನೊಂದ್ ದಪ ಆಟಕ್ಕೆ ನಾನೇ ಬತ್ತೀನಿ," ಎಂದ.

ಆ ಮಳೆಗಾಲ ಕುರಿಯ ಜೊತೆ ಹೋದ ಅಪ್ಪ ಮಗ ಸುಗ್ಗಿಯ ಹೊತ್ತಿಗೆ ಹಿಂತಿರುಗಿದರು. ಅಷ್ಟರಲ್ಲಿ ಖಾಲಾ ಹೊಸದಾಗಿ ಇನ್ನಾರು ಬನಿಯನ್ನಿಗೂ ಹೆಸರು ಹೊಲಿದಿಟ್ಟಿದ್ದರು. ನಾನು ಹೋಗಿ ತಪ್ಪಾಯಿತು ಎಂದಾಗ ಅವರು ನಕ್ಕು, ಅದೇ ಹಳೆಯ ಕಾಗದ ಕೇಳಿ ಇಸಿದುಕೊಂಡಿದ್ದರು. ಈ ಬಾರಿಯೂ ಬಲಗಡೆಯಿಂದಲೇ ಶುರು. ಏಳರ ಮೇಲೂ ಹೆಸರು ದೂರದಿಂದ ನಡೆದು ಬರುತ್ತಿತ್ತು, ಒಂದೇ ಬಗೆಯಾಗಿ.

ಆಮೇಲಿನ ಪಂದ್ಯ ಕೊರಟಗೆರೆಯಲ್ಲಿ. ಕ್ಯಾತಣ್ಣ ಹೇಳಿದಂತೆ ಬಂದ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು. ಮಗನನ್ನು ಕರೆದು ಎದೆಯ ಮೇಲೆ ಅಂಗೈಯಿಟ್ಟು ದಾರವನ್ನು ಸವರಿ ನೋಡಿದ. ಆಮೇಲೆ ಗಫೂರನದು, ಆಮೇಲೆ ಉಳಿದವರದು, ಏಳನ್ನೂ ನೋಡಿ ಆಡಲು ಬಿಟ್ಟ. ಅಲ್ಲಿಂದ ಮುಂದೆ ಜುಂಜ ಆಡಿದ ಪ್ರತಿ ಪಂದ್ಯಕ್ಕೂ ಅವನು ಬಂದ, ಪ್ರತಿ ಸಲವೂ ಮುಟ್ಟಿ ನೋಡಿದ. ನೋಡಿಯಾದ ಮೇಲೆ ಬಂದು ನನ್ನ ಪಕ್ಕದಲ್ಲೇ ಕೂರುತ್ತಿದ್ದ. ಕಂಬಳಿ ಹಾಸಿ ಅರ್ಧ ನನಗೆ ಬಿಡುತ್ತಿದ್ದ, ಸಂಚಿ ಬಿಚ್ಚಿ ಎಲೆಅಡಿಕೆ ಕೊಡುತ್ತಿದ್ದ, ಮಳೆ ಬೆಳೆ ಕುರಿ ಎಲ್ಲ ಮಾತಾಡುತ್ತಿದ್ದ. ಎಷ್ಟೋ ವರ್ಷ ಹಾಗೆ ಜೊತೆಯಲ್ಲಿ ಕೂತೆವು. "ಮಾತಾ?" ಎಂದು ಮಾತ್ರ ಅವನು ನನ್ನನ್ನು ಇನ್ನೊಮ್ಮೆ ಕೇಳಲಿಲ್ಲ.